ಅಗ್ಗ ಎಲ್ಲಿಂದ ಬಂತು ಅಂತ ನೋಡು

ದಾವಣಗೆರೆ
ಭಾನುವಾರ ಮಧ್ಯಾಹ್ನ

ಪ್ರೀತಿಯ ಕಾವ್ಯಾ,

ನಿನ್ನಮ್ಮ ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ಮುಕ್ಕಾಲು ಗಂಟೆ ನಿನ್ನದೇ ಮಾತು. "ಅಕ್ಕಾ, ಆಫೀಸು ಬಿಟ್ಟ ಮೇಲೆ ಬೆಂಗಳೂರಿನ ಗಲ್ಲಿ ಗಲ್ಲಿ ಸುತ್ತುತ್ತಾಳಂತೆ. ಗಾಡಿ ಮುಂದೆ ನಿಂತು ತಿನ್ನುತ್ತಾಳಂತೆ. ನೀನಾದರೂ ಬುದ್ಧಿ ಹೇಳು" ಅಂದಳು. ಹೇಳುತ್ತೇನೆ ಅಂದೆ. ಆದರೆ ತಿನ್ನಬೇಡ ಅಂತ ಮಾತ್ರ ನಾನು ಹೇಳಲಾರೆ. ಇಪ್ಪತ್ತೆಂಟು ವರ್ಷ ತಳ್ಳುಗಾಡಿಯಲ್ಲಿ ಮಿರ್ಚಿ ಕರಿದು, ಮಂಡಕ್ಕಿ ಕಲಸಿ ಇಬ್ಬರು ಮಕ್ಕಳನ್ನು ಓದಿಸಿದವಳು ನಾನು. ಬೀದಿಯ ತಿಂಡಿ ಕೆಟ್ಟದ್ದು ಅಂತ ಯಾವ ಬಾಯಲ್ಲಿ ಹೇಳಲಿ?

ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಚಿಕ್ಕಪೇಟೆಯ ಆ ಸಂದಿ, ಗೋಡೆಗೆ ಒರಗಿಸಿದ ಸೀಮೆಎಣ್ಣೆ ಡಬ್ಬದ ಮೇಲೆ ಕೂತ ಅಜ್ಜ, ಅವನ ಮುಂದಿನ ಇಡ್ಲಿ ಪಾತ್ರೆ. ವಿ.ವಿ. ಪುರದ ತಿಂಡಿ ಬೀದಿಯಲ್ಲಿ ನೀನು ದೋಸೆ ಹಿಡಿದು ನಗುತ್ತಿರುವುದು. "ದೊಡ್ಡಮ್ಮಾ, ಮೂವತ್ತು ರೂಪಾಯಿಗೆ ಹೊಟ್ಟೆ ತುಂಬಿತು" ಅಂತ ಬರೆದಿದ್ದೆ. ಆ ಮೂವತ್ತು ರೂಪಾಯಿಯ ಬಗ್ಗೆಯೇ ನಿನಗೆ ಹೇಳಬೇಕಾದದ್ದು ಇದೆ.

ಯಾವ ತಿಂಡಿ ಅಗ್ಗಕ್ಕೆ ಸಿಕ್ಕರೂ, ಆ ಅಗ್ಗ ಎಲ್ಲಿಂದ ಬಂತು ಅಂತ ಒಂದು ಸಲ ನೋಡು. ಮಾರುವವರು ಎಲ್ಲೋ ಒಂದು ಕಡೆ ಉಳಿಸಿರಲೇಬೇಕು. ಅಂಗಡಿ ಬಾಡಿಗೆ ಇಲ್ಲದೆ ಉಳಿಯಿತಾ? ಗಂಡ ಹೆಂಡತಿ ಇಬ್ಬರೇ ದುಡಿದು ಉಳಿಸಿದರಾ? ಇಲ್ಲ, ಎಣ್ಣೆಯಲ್ಲಿ ಉಳಿಸಿದರಾ? ಮೊದಲ ಎರಡಾದರೆ ಕಣ್ಣು ಮುಚ್ಚಿ ತಿನ್ನು. ಮೂರನೆಯದಾದರೆ ಆ ಉಳಿತಾಯದ ಬೆಲೆಯನ್ನು ನಿನ್ನ ಹೊಟ್ಟೆ ತೆರುತ್ತದೆ.

ನಮ್ಮೂರ ಮಂಡಕ್ಕಿಯನ್ನೇ ತಗೋ. ಅದು ಯಾಕೆ ಅಗ್ಗ? ಭದ್ರಾ ನಾಲೆಯ ನೀರು ಬಂತು, ಸುತ್ತ ಭತ್ತ ಬೆಳೆಯಿತು. ಭತ್ತ ಇದ್ದ ಕಡೆ ಮಂಡಕ್ಕಿ ಭಟ್ಟಿಗಳು ಬಂದವು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ ಕಾದ ಮರಳಲ್ಲಿ ಹುರಿದರೆ ಒಂದು ಹಿಡಿ ಅಕ್ಕಿ ಮೊರದ ತುಂಬ ಅರಳುತ್ತದೆ. ದೂರದಿಂದ ತರಿಸಬೇಕಾದದ್ದು ಏನೂ ಇಲ್ಲ. ಹತ್ತಿ ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಪಾಳಿ ಬಿಟ್ಟ ಗಿರಣಿಯವರಿಗೆ, ಮಂಡಿಯ ಹಮಾಲರಿಗೆ ಖಾರ ಮಂಡಕ್ಕಿ, ಎರಡು ಮಿರ್ಚಿ, ಒಂದು ಚಹಾ ಆಯಿತು ಅಂದರೆ ರಾತ್ರಿ ಊಟದ ತನಕ ಚಿಂತೆ ಇರಲಿಲ್ಲ. ನಿನ್ನ ದೊಡ್ಡಪ್ಪನೂ ಗಿರಣಿಯವರೇ. ಗಿರಣಿ ಬಾಗಿಲು ಹಾಕಿದ ಮೇಲೆಯೇ ನಾವು ಗಾಡಿ ಇಟ್ಟಿದ್ದು. ಮೊದಲ ಗಿರಾಕಿಗಳು ಅವರ ಜೊತೆ ಕೆಲಸ ಕಳೆದುಕೊಂಡವರು.

ಈ ಅಗ್ಗದಲ್ಲೂ ಒಂದು ನೋವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮಂಡಕ್ಕಿ ಚೀಲ ತರಲು ಭಟ್ಟಿಗೆ ಹೋದಾಗೆಲ್ಲ ನನ್ನ ಕಣ್ಣು ಉರಿಯುತ್ತಿತ್ತು. ಎಷ್ಟೋ ವರ್ಷ ಅಲ್ಲಿ ಹಳೆಯ ಟೈರು ಸುಟ್ಟು ಒಲೆ ಉರಿಸುತ್ತಿದ್ದರು. ಕಟ್ಟಿಗೆಗಿಂತ ಅದು ಅಗ್ಗ. ಆ ಕಪ್ಪು ಹೊಗೆಯಲ್ಲಿ ಗಂಡಸರು ಹೆಂಗಸರು ದಿನವಿಡೀ ನಿಂತಿರುತ್ತಿದ್ದರು. ನಾನು ಅಗ್ಗಕ್ಕೆ ತಂದು ಅಗ್ಗಕ್ಕೆ ಮಾರಿದ ಮಂಡಕ್ಕಿಯ ಒಂದು ಪಾಲು ಬೆಲೆಯನ್ನು ಅವರ ಎದೆಗೂಡು ಕೊಟ್ಟಿದೆ. ನೀನು ಇನ್ನು ಮುಂದೆ ಯಾವ ಗಲ್ಲಿಗೆ ಹೋದರೂ ತಟ್ಟೆ ಮಾತ್ರ ನೋಡಬೇಡ, ಒಲೆಯ ಹಿಂದೆ ಯಾರು ನಿಂತಿದ್ದಾರೆ ಅಂತಾನೂ ನೋಡು. ಪಾತ್ರೆ ತೊಳೆಯುವ ಕೈ ಚಿಕ್ಕ ಮಗುವಿನದ್ದಾದರೆ ಅಲ್ಲಿ ತಿನ್ನಬೇಡ.

ಈಗ ಎಣ್ಣೆ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ಬಾಣಲೆ ಓದಲು ಬಂದರೆ ಅರ್ಧ ಗೆದ್ದಂತೆ. ಮಿರ್ಚಿ ಬಿಟ್ಟ ಕೂಡಲೇ ನೊರೆ ಏಳುತ್ತದೆ, ಅದು ಹಿಟ್ಟಿನ ನೀರು. ಎಣ್ಣೆ ಚೆನ್ನಾಗಿದ್ದರೆ ಮಿರ್ಚಿ ಬೇಯುತ್ತಾ ಬಂದಂತೆ ನೊರೆ ತಾನೇ ಇಳಿಯುತ್ತದೆ. ಕೆಟ್ಟ ಎಣ್ಣೆಯ ನೊರೆ ಇಳಿಯುವುದಿಲ್ಲ, ಬಾಣಲೆ ತುಂಬ ನಿಂತೇ ಇರುತ್ತದೆ. ಅಂಥ ಎಣ್ಣೆ ಬೇಗ ಹೊಗೆಯಾಡುತ್ತದೆ. ಬಾಣಲೆಯ ಅಂಚು ಗೋಂದು ಬಳಿದಂತೆ ಅಂಟಂಟಾಗಿರುತ್ತದೆ. ಬರೀ ಬಣ್ಣ ನೋಡಿ ಮೋಸ ಹೋಗಬೇಡ. ಹಳೆಯದರ ಮೇಲೆ ಒಂದು ಪಾಕೀಟು ಹೊಸದು ಸುರಿದರೆ ಬಣ್ಣ ತಿಳಿಯಾಗುತ್ತದೆ, ಎಣ್ಣೆ ಹೊಸದಾಗುವುದಿಲ್ಲ. ಅಧಿಕಾರಿಗಳು ನಮ್ಮಂಥ ಗಾಡಿಯವರನ್ನು ಕೂರಿಸಿ ಹೇಳಿದ್ದರು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಅಂಶಕ್ಕೆ ಟೋಟಲ್ ಪೋಲಾರ್ ಕಾಂಪೌಂಡ್ ಅನ್ನುತ್ತಾರಂತೆ. ಅದು ನೂರಕ್ಕೆ 25 ದಾಟಿದರೆ ಆ ಎಣ್ಣೆಯಲ್ಲಿ ಕರಿಯುವಂತಿಲ್ಲ, 2018ರ ಜುಲೈನಿಂದ ನಿಯಮ ಇದೆ. ಅಳೆಯುವ ಯಂತ್ರ ಗಾಡಿಯವರ ಹತ್ತಿರ ಎಲ್ಲಿರುತ್ತದೆ? ಮೂಗೇ ಯಂತ್ರ. ಗಲ್ಲಿಯ ತಿರುವಿನಲ್ಲೇ ಕಮಟು ವಾಸನೆ ಹೊಡೆದರೆ ಮುಂದಿನ ಗಾಡಿಗೆ ಹೋಗು.

ಕರಿದದ್ದನ್ನು ಸುತ್ತಿ ಕೊಡುವ ಪೇಪರ್ ಕೂಡ ನೋಡು. ನಾವೂ ಎಷ್ಟೋ ವರ್ಷ ಹಳೆಯ ದಿನಪತ್ರಿಕೆಯಲ್ಲೇ ಮಿರ್ಚಿ ಸುತ್ತಿ ಕೊಟ್ಟಿದ್ದೇವೆ. ಬಿಸಿ ಎಣ್ಣೆಗೆ ಶಾಯಿ ಕರಗಿ ತಿಂಡಿಗೆ ಇಳಿಯುತ್ತದೆ ಅಂತ ಗೊತ್ತಾದ ಮೇಲೆ ಬಿಟ್ಟೆವು. ಮುತ್ತುಗದ ಎಲೆಯಲ್ಲಿ ಕೊಡುತ್ತಿದ್ದ ಕಾಲವೇ ಚೆನ್ನಾಗಿತ್ತು. ಬ್ಯಾಗಿನಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟುಕೋ. ಡಬ್ಬಿ ಚಾಚಿದರೆ ಯಾವ ಗಾಡಿಯವರೂ ಬೇಡ ಅನ್ನುವುದಿಲ್ಲ.

ಇನ್ನೊಂದು ಮಾತು ಹೇಳುತ್ತೇನೆ. ಇದನ್ನು ನಿನ್ನಮ್ಮನಿಗೂ ನಾನು ಹೇಳಿಲ್ಲ. ನಾವು ಗಾಡಿ ಇಟ್ಟ ಮೂರನೇ ವರ್ಷ, ಮಾರ್ಚ್ ತಿಂಗಳು. ನಮ್ಮೂರ ಬಿಸಿಲು ನಿನಗೆ ಗೊತ್ತಲ್ವಾ? ಮಧ್ಯಾಹ್ನ ರುಬ್ಬಿದ ಕಾಯಿ ಚಟ್ನಿ ಒಂದು ಪಾತ್ರೆ ಉಳಿದಿತ್ತು. ತೆಂಗಿನಕಾಯಿ ತುಟ್ಟಿಯಾಗಿತ್ತು, ಚೆಲ್ಲಲು ಮನಸ್ಸಾಗಲಿಲ್ಲ. ಸಂಜೆಯ ಹೊಸ ಚಟ್ನಿಗೆ ಅದನ್ನೇ ಬೆರೆಸಿದೆ. ರುಚಿ ನೋಡಿದೆ, ಸ್ವಲ್ಪ ಹುಳಿ ಅನ್ನಿಸಿತು. ನಿಂಬೆಹಣ್ಣು ಹಿಂಡಿದೆ. ಮೂರು ಜನ ಹಮಾಲರು ಎರಡು ದಿನ ಕೆಲಸಕ್ಕೆ ಬರಲಿಲ್ಲ. ಕೂಲಿಯೂ ಹೋಯಿತು, ಆಸ್ಪತ್ರೆ ಖರ್ಚೂ ಬಂತು. ಅವರಲ್ಲಿ ಹಿರಿಯವನು ಮೂರನೇ ದಿನ ಗಾಡಿಯ ಹತ್ತಿರ ಬಂದು, "ಅಕ್ಕಾ, ಅವತ್ತು ಚಟ್ನಿ ಹುಳಿ ಇತ್ತು" ಅಂದ. ಬೈಯಲಿಲ್ಲ, ದುಡ್ಡು ಕೇಳಲಿಲ್ಲ. ನನಗೆ ತಲೆ ಎತ್ತಲು ಆಗಲಿಲ್ಲ. ಅಲ್ಲಿಂದ ಮುಂದೆ ಚಟ್ನಿಯನ್ನು ಸ್ವಲ್ಪ ಸ್ವಲ್ಪವೇ, ದಿನಕ್ಕೆ ಮೂರು ಸಲ ರುಬ್ಬಿದೆ. ಉಳಿದರೆ ಚೆಲ್ಲಿದೆ.

ಅದಕ್ಕೇ ಹೇಳುತ್ತೇನೆ, ಬಿಸಿ ಬಾಣಲೆಯಿಂದ ನೇರ ನಿನ್ನ ಕೈಗೆ ಬಂದದ್ದು ಅಷ್ಟು ಅಪಾಯ ಮಾಡುವುದಿಲ್ಲ. ಪಕ್ಕದಲ್ಲಿ ತಣ್ಣಗೆ ಕೂತಿರುವುದೇ ಕಾಯಿಲೆ ತರುವುದು. ಚಟ್ನಿ, ಹೆಚ್ಚಿಟ್ಟ ಈರುಳ್ಳಿ, ಪಾನಿಪೂರಿಯ ನೀರು, ಕತ್ತರಿಸಿಟ್ಟ ಕಲ್ಲಂಗಡಿ. ನೀರು ಎಲ್ಲಿಂದ ತಂದರು ಅಂತ ಸಂಕೋಚ ಬಿಟ್ಟು ಕೇಳು. ಟೈಫಾಯ್ಡ್, ಕಾಮಾಲೆ ಎರಡೂ ಕೆಟ್ಟ ನೀರಿನಿಂದ ಬರಬಹುದು. ಮಳೆಗಾಲದಲ್ಲಂತೂ ಪಾನಿಪೂರಿ ಬಿಟ್ಟುಬಿಡು. ಗಿರಾಕಿ ಜಾಸ್ತಿ ಇರುವ ಗಾಡಿ ಹುಡುಕು. ರುಚಿ ಇದ್ದರೇನೇ ಜನ ಸೇರುವುದು, ಅದು ಒಂದು. ಅದಕ್ಕಿಂತ ದೊಡ್ಡ ಕಾರಣ, ಅಲ್ಲಿ ಯಾವುದೂ ಕೂತು ಹಳಸಲು ಸಮಯ ಸಿಗುವುದಿಲ್ಲ. ಹಾಗಾಗಿ ಜನ ಸೇರುವ ಹೊತ್ತಿಗೇ ಹೋಗು, ಗಾಡಿ ಮುಚ್ಚುವ ಹೊತ್ತಿಗೆ ಹೋಗಬೇಡ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಕೆಂಪು ಗೋಬಿ ತಿನ್ನಬೇಡ. ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣ ಸಿಕ್ಕಿದ್ದಕ್ಕೆ 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೂ ಬಾಂಬೆ ಮಿಠಾಯಿಗೂ ಅದನ್ನು ಹಾಕಬಾರದು ಅಂತ ನಿಷೇಧಿಸಿತು. ಮರು ತಿಂಗಳೇ ನಮ್ಮ ದಾವಣಗೆರೆಯ ವಸ್ತುಪ್ರದರ್ಶನದಲ್ಲಿ ಒಬ್ಬ ಹುಡುಗ ಹೊಗೆ ಬಿಸ್ಕತ್ತು ಬಾಯಿಗೆ ಹಾಕಿಕೊಂಡು ನೋವಿನಿಂದ ಕುಸಿದ. ಆ ವಿಡಿಯೋ ನೀನೂ ನೋಡಿರುತ್ತೀಯ. ಅದು ದ್ರವ ಸಾರಜನಕದ ಹೊಗೆ, ಸುಡುವಷ್ಟು ತಣ್ಣಗಿರುತ್ತದೆ. ತಿಂಡಿಯಲ್ಲಿ ಹೊಗೆ ಒಲೆಯಿಂದ ಬರಬೇಕು. ಬೆಂಗಳೂರಿನ ಇಡ್ಲಿಯನ್ನೂ ನೋಡಿಕೊಂಡು ತಿನ್ನು. ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದರು, 2025ರ ಫೆಬ್ರವರಿಯಲ್ಲಿ ಅದನ್ನೂ ನಿಷೇಧಿಸಿದರು. ಮುಚ್ಚಳ ತೆಗೆದಾಗ ಒಂದು ಸಲ ಇಣುಕು. ಆ ಚಿಕ್ಕಪೇಟೆ ಅಜ್ಜನ ಪಾತ್ರೆಯಲ್ಲಿ ಬಿಳಿ ಬಟ್ಟೆಯೇ ಕಂಡಿತು, ನನಗೆ ಖುಷಿಯಾಯಿತು.

ನೀನು ಕೇಳಿದ್ದೆಯಲ್ಲ, ಅಲ್ಲಿ ಎಲ್ಲೆಲ್ಲೂ ದಾವಣಗೆರೆ ಬೆಣ್ಣೆ ದೋಸೆ ಅಂತ ಬೋರ್ಡ್ ಇದೆ, ಯಾವುದನ್ನು ನಂಬಲಿ ಅಂತ. ಬೋರ್ಡ್ ನೋಡಬೇಡ, ಲೆಕ್ಕ ಹಾಕು. ಒಳ್ಳೆಯ ಬೆಣ್ಣೆ ಕೆಜಿಗೆ 500 ರೂಪಾಯಿ ದಾಟಿದೆ. ತೀರಾ ಕಡಿಮೆಗೆ ಕೊಟ್ಟು ದೋಸೆ ಮೇಲೆ ಮುದ್ದೆ ಮುದ್ದೆ ಹಾಕುತ್ತಿದ್ದರೆ ಅದು ಬೆಣ್ಣೆ ಇರಲಾರದು. ಬೆಣ್ಣೆಯಾದರೆ ಕಾವಲಿಗೆ ಬಿದ್ದ ಕೂಡಲೇ ಗಲ್ಲಿ ತುಂಬ ಘಮ ಬರುತ್ತದೆ. ಡಾಲ್ಡಾ ಆದರೆ ತಿಂದ ಮೇಲೆ ಅಂಗುಳಕ್ಕೆ ಮೇಣ ಮೆತ್ತಿದಂತೆ ಆಗುತ್ತದೆ. ಹಿಟ್ಟಿಗೆ ಮಂಡಕ್ಕಿ ಹಾಕಿ ರುಬ್ಬಿದ್ದಾರಾ ಅಂತಾನೂ ಕೇಳು. ನಮ್ಮೂರವರಾದರೆ ಅಷ್ಟಕ್ಕೇ ಮುಖ ಅರಳಿ ಇನ್ನೊಂದು ಸೌಟು ಪಲ್ಯ ಹಾಕುತ್ತಾರೆ.

ಆ ದೋಸೆಯೂ ಬೀದಿಯಿಂದಲೇ ಬಂದದ್ದು ಕಣೇ. ಹಿರಿಯರು ಹೇಳುವ ಪ್ರಕಾರ, ಚೆನ್ನಮ್ಮ ಅನ್ನುವ ತಾಯಿ ಮಕ್ಕಳನ್ನು ಕಟ್ಟಿಕೊಂಡು 1928ರಲ್ಲಿ ದಾವಣಗೆರೆಗೆ ಬಂದರು. ವಸಂತ ಟಾಕೀಸಿನ ಹತ್ತಿರ ನಾಟಕದ ಥಿಯೇಟರಿನ ಹೊರಗೆ ದೋಸೆ ಹೊಯ್ಯಲು ಕೂತರು. ಆಗ ರಾಗಿ ಹಿಟ್ಟಿನ ದೋಸೆ. ಅಕ್ಕಿ ಹಿಟ್ಟು, ಬೆಣ್ಣೆ ಎಲ್ಲ ಅವರ ಮಕ್ಕಳ ಕಾಲಕ್ಕೆ ಬಂತು. ಒಬ್ಬ ಹೆಂಗಸು ನಾಟಕ ಬಿಡುವ ಹೊತ್ತಿಗೆ ಬೀದಿಬದಿ ಒಲೆ ಹೂಡಿದ್ದು, ಇವತ್ತು ನಿನ್ನ ಊರಿನ ಹೆಸರನ್ನು ಬೆಂಗಳೂರಿನ ಗಲ್ಲಿಗಳಲ್ಲಿ ಬರೆಸಿದೆ. ನಾನು ಗಾಡಿ ತಳ್ಳುವಾಗ ಮೊಣಕಾಲು ನೋಯುತ್ತಿದ್ದರೆ ಆ ತಾಯಿಯನ್ನು ನೆನೆಸಿಕೊಳ್ಳುತ್ತಿದ್ದೆ.

ಗಾಡಿಯವರ ಹತ್ತಿರ ಐದು ಹತ್ತು ರೂಪಾಯಿಗೆ ಚೌಕಾಸಿ ಮಾಡಬೇಡ. ಲಾಕ್‌ಡೌನಿನಲ್ಲಿ ನಮ್ಮ ಬಾಣಲೆ ತಿಂಗಳುಗಟ್ಟಲೆ ಕವುಚಿ ಮಲಗಿತ್ತು. 2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಅಂತ ಕೇಂದ್ರದವರು ಕೊಟ್ಟ 10,000 ರೂಪಾಯಿ ಸಾಲದಲ್ಲೇ ಮತ್ತೆ ಕಡಲೆಹಿಟ್ಟು, ಎಣ್ಣೆ ತಂದಿದ್ದು. ಬೀದಿ ವ್ಯಾಪಾರಿಗಳಿಗೆ 2014ರಿಂದ ಕಾಯ್ದೆಯ ರಕ್ಷಣೆ ಇದೆ. ಆದರೂ ಯಾರಾದರೂ ಬಂದು ಗಾಡಿ ಎತ್ತಿಸುತ್ತಾರೇನೋ ಅನ್ನುವ ಹೆದರಿಕೆ ಸಂಜೆಯೆಲ್ಲ ಇರುತ್ತದೆ. ಚಿಲ್ಲರೆ ಕೊಡು, ಇಲ್ಲವೇ ಫೋನಲ್ಲಿ ಕಳಿಸಿ ಅವರಿಗೆ ಸದ್ದು ಕೇಳಿಸುವ ತನಕ ನಿಂತಿರು. ಚೆನ್ನಾಗಿದ್ದರೆ ಬಾಯಿಬಿಟ್ಟು ಹೇಳು. ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳು. ಎರಡು ಮೂರು ಕಡೆಯನ್ನೇ ನಿನ್ನದು ಮಾಡಿಕೋ. ದಿನಾ ಬರುವ ಹುಡುಗಿಗೆ ಯಾರೂ ಹಳಸಿದ್ದು ಕೊಡುವುದಿಲ್ಲ. ಹೊತ್ತು ಮೀರಿದ ದಿನ ಬಸ್ ಸ್ಟಾಪಿನ ತನಕ ಕಣ್ಣಿಟ್ಟು ನೋಡುವವರೂ ಅವರೇ. ನಾನು ಎಷ್ಟು ಹುಡುಗಿಯರನ್ನು ಹಾಗೆ ನೋಡಿಕೊಂಡಿದ್ದೇನೆ! ಆದರೂ ಹೊಸ ಗಲ್ಲಿಗೆ ಕತ್ತಲಾದ ಮೇಲೆ ಒಬ್ಬಳೇ ಹೋಗಬೇಡ, ಸ್ನೇಹಿತೆಯನ್ನು ಕರೆದುಕೊಂಡು ಹೋಗು.

ಅಷ್ಟಾದರೂ ಒಂದು ದಿನ ಹೊಟ್ಟೆ ಕೆಟ್ಟರೆ ಹೆದರಬೇಡ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿ. ಜ್ವರ ಬಂದರೆ, ಭೇದಿಯಲ್ಲಿ ರಕ್ತ ಕಂಡರೆ ಅವತ್ತೇ ಡಾಕ್ಟರ ಹತ್ತಿರ ಹೋಗು. ನಿನ್ನಮ್ಮನಿಗೆ ಹೇಳಲು ಭಯವಾದರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಾಳೆ ರಾತ್ರಿ ಬಸ್ಸಿಗೆ ಪಾರ್ಸಲ್ ಹಾಕುತ್ತೇನೆ. ಮಂಡಕ್ಕಿ ದೊಡ್ಡ ಚೀಲದಲ್ಲಿದೆ. ನರ್ಗಿಸ್ ಮಂಡಕ್ಕಿಗೆ ಹಾಕುವ ಮಸಾಲೆಯನ್ನೂ ಪುಟಾಣಿ ಹಿಟ್ಟನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿದ್ದೇನೆ. ಬೆಳ್ಳುಳ್ಳಿ ಇಲ್ಲೇ ಜಜ್ಜಿ ಹುರಿದು ಹಾಕಿದ್ದೇನೆ, ನೀನು ಮತ್ತೆ ಹಾಕಬೇಡ. ಈರುಳ್ಳಿ ಅಲ್ಲೇ ತಗೊಂಡು ಸಣ್ಣಗೆ ಹೆಚ್ಚು. ತಿನ್ನುವ ಹೊತ್ತಿಗೆ ಕಲಸು, ಮೊದಲೇ ಕಲಸಿಟ್ಟರೆ ಮೆತ್ತಗಾಗುತ್ತದೆ. ಚೀಲ ದೊಡ್ಡದಿದೆ, ಒಂದು ಪಾಲು ಚಿಕ್ಕಪೇಟೆಯ ಆ ಅಜ್ಜನಿಗೆ ಕೊಡು. ದಾವಣಗೆರೆಯಿಂದ ನಮ್ಮ ದೊಡ್ಡಮ್ಮ ಕಳಿಸಿದ್ದಾರೆ ಅನ್ನು.

ಇಂತಿ ನಿನ್ನ
ದೊಡ್ಡಮ್ಮ