ಸೂತ್ರಕ್ಕೂ ಮೊದಲು ನಕ್ಷೆ ಬರಲಿ

ಮಾನ್ಯ ಸಂಪಾದಕರೇ,

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ‘ಚಲನೆ’ಯ ಪಾಠ ಬಂತೆಂದರೆ ಮಕ್ಕಳು ವೇಗ, ಕಾಲ, ದೂರಗಳನ್ನು ಜೋಡಿಸುವ ಮೂರು ಸಮೀಕರಣಗಳನ್ನು ಮಗ್ಗಿಯಂತೆ ಉರು ಹೊಡೆಯುತ್ತಾರೆ; ಅವು ಎಲ್ಲಿ ಅನ್ವಯಿಸುತ್ತವೆ, ಎಲ್ಲಿ ಇಲ್ಲ ಎಂಬುದನ್ನು ಮಾತ್ರ ಕೇಳುವುದಿಲ್ಲ.

ಮೊನ್ನೆ ನೆರೆಮನೆಯ ಹುಡುಗಿಗೆ ಒಂದು ಲೆಕ್ಕ ಕೊಟ್ಟೆ. ಗಂಟೆಗೆ 72 ಕಿ.ಮೀ. ಜವದಲ್ಲಿ ಬರುತ್ತಿರುವ ಬಸ್ಸಿನ ಚಾಲಕನಿಗೆ ರಸ್ತೆಗೆ ಅಡ್ಡ ಬಂದ ಎಮ್ಮೆ ಕಾಣುತ್ತದೆ. ಬ್ರೇಕಿನ ಮೇಲೆ ಕಾಲಿಡಲು ಅವನಿಗೆ ಒಂದು ಸೆಕೆಂಡ್ ಹಿಡಿಯುತ್ತದೆ. ಅನಂತರ ಬಸ್ಸಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 5 ಮೀಟರಿನಷ್ಟು ತಗ್ಗುತ್ತದೆ. ಬಸ್ಸು ನಿಲ್ಲುವಷ್ಟರಲ್ಲಿ ಎಷ್ಟು ದೂರ ಬಂದಿರುತ್ತದೆ? ಅವಳು 518.4 ಮೀಟರ್ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು. 72ನ್ನು ಸೆಕೆಂಡಿಗೆ 20 ಮೀಟರ್ ಎಂದು ಪರಿವರ್ತಿಸದೆ ಹಾಗೆಯೇ ವರ್ಗ ಮಾಡಿ, ಸೂತ್ರದಂತೆ 5ರ ಎರಡರಷ್ಟರಿಂದ ಭಾಗಿಸಿದ್ದಳು. ಬ್ರೇಕ್ ಹಾಕಿದ ಬಸ್ಸು ಅರ್ಧ ಕಿಲೋಮೀಟರ್ ಓಡಿದರೂ ಅವಳಿಗೆ ಅನುಮಾನ ಬರಲಿಲ್ಲ. ತಿದ್ದಿಸಿದಾಗ 40 ಮೀಟರ್ ಬಂತು. ಅದೂ ಪೂರ್ತಿ ಸರಿಯಲ್ಲ, ಏಕೆಂದರೆ ಬ್ರೇಕ್ ಒತ್ತುವ ಮೊದಲಿನ ಸೆಕೆಂಡಿನಲ್ಲಿ ವೇಗೋತ್ಕರ್ಷ (ವೇಗ ಬದಲಾಗುವ ದರ) ಸೊನ್ನೆಯಾಗಿದ್ದು, ಬಸ್ಸು ಏಕರೂಪ ಜವದಲ್ಲಿ 20 ಮೀಟರ್ ಬಂದಾಗಿರುತ್ತದೆ.

ಇದನ್ನೇ ವೇಗ-ಕಾಲ ನಕ್ಷೆಯಲ್ಲಿ ಎಳೆಸಿದೆ. ಮೊದಲ ಸೆಕೆಂಡಿಗೆ ಮಟ್ಟಸವಾದ ಗೆರೆ, ಬಳಿಕ ನಾಲ್ಕು ಸೆಕೆಂಡ್ ಇಳಿಯುವ ಗೆರೆ. ಗೆರೆಯ ಕೆಳಗಿನ ವಿಸ್ತೀರ್ಣವೇ ಬಸ್ಸು ಬಂದ ದೂರ: ಆಯತದ್ದು 20, ತ್ರಿಭುಜದ್ದು 40, ಒಟ್ಟು 60 ಮೀಟರ್. ಋಣಚಿಹ್ನೆಯ ತಂಟೆಯೂ ಇಲ್ಲ. (ವೇಗ ತಗ್ಗುವಾಗ ಋಣವಾಗಬೇಕಾದ ವೇಗೋತ್ಕರ್ಷವನ್ನು ಧನವೆಂದು ತೆಗೆದುಕೊಂಡು, ಬಂದ ‘–40’ರ ಮುಂದಿನ ಗೆರೆಯನ್ನು ಸದ್ದಿಲ್ಲದೆ ಅಳಿಸಿದ ಉತ್ತರಪತ್ರಿಕೆಗಳನ್ನು ನಾನು ನೌಕರಿಯುದ್ದಕ್ಕೂ ತಿದ್ದಿದ್ದೇನೆ.) ಬಸ್ಸಿನ ಜವ ಗಂಟೆಗೆ 36 ಕಿ.ಮೀ. ಆಗಿದ್ದರೆ ತ್ರಿಭುಜದ ಪಾದವೂ ಎತ್ತರವೂ ಅರ್ಧವಾಗಿ ವಿಸ್ತೀರ್ಣ ಕಾಲುಭಾಗಕ್ಕೆ, ಅಂದರೆ 10 ಮೀಟರಿಗೆ, ಇಳಿಯುತ್ತದೆ ಎಂಬುದನ್ನು ಅವಳೇ ಕಂಡುಕೊಂಡಳು. ಮಳೆಗೆ ನೆನೆದ ರಸ್ತೆಯಾದರೆ ಹೇಗೆ ಎಂದೂ ಕೇಳಿದಳು. 5ರ ಬದಲು 2.5 ಇಟ್ಟುಕೋ ಎಂದೆ; ಪಾದವನ್ನು ಎಂಟು ಸೆಕೆಂಡಿಗೆ ಹಿಗ್ಗಿಸಿ, ಒಟ್ಟು 100 ಮೀಟರ್ ಎಂದಳು. ಸೂತ್ರವನ್ನು ಅವಳು ಮುಟ್ಟಲೇ ಇಲ್ಲ.

ಸೂತ್ರ ಬರೆದದ್ದಕ್ಕೆ, ಅದರಲ್ಲಿ ಬೆಲೆಗಳನ್ನು ಹಾಕಿದ್ದಕ್ಕೆ ಅಂಕ ಕೊಡುವಂತೆ, ಚಲನೆಯನ್ನು ಹಂತಗಳಾಗಿ ಬಿಡಿಸಿ ನಕ್ಷೆ ಎಳೆದದ್ದಕ್ಕೂ ಮಾದರಿ ಉತ್ತರಗಳಲ್ಲಿ ಒಂದು ಅಂಕ ಮೀಸಲಿಡಬೇಕೆಂದು ಪ್ರಶ್ನೆಪತ್ರಿಕೆ ರೂಪಿಸುವವರಲ್ಲಿ ನನ್ನ ವಿನಂತಿ.

– ನಿವೃತ್ತ ವಿಜ್ಞಾನ ಶಿಕ್ಷಕ, ತಿಪಟೂರು