ಮೊದಲು ಪಾರ್ಕಿನ ಗೇಟು ಸರಿಪಡಿಸಿ

ಮಾನ್ಯರೇ,

ಬೆಂಗಳೂರಿನ ಬಡಾವಣೆ ಪಾರ್ಕುಗಳಲ್ಲಿ ಓಪನ್ ಜಿಮ್ ಈಗ ಮಾಮೂಲು. ಆದರೆ ವೀಲ್‌ಚೇರ್‌ನಲ್ಲಿ ಬರುವವರು ಎಷ್ಟೋ ಕಡೆ ಆ ಯಂತ್ರಗಳ ಹತ್ತಿರಕ್ಕೂ ಹೋಗಲಾರರು. ಗೇಟಿನಲ್ಲೇ ತಡೆ.

ದನ, ಬೈಕು ನುಗ್ಗದಿರಲೆಂದು ಹಾಕಿದ ತಿರುಗು ಗೇಟು, ಅಂಕುಡೊಂಕು ಕಂಬಿ, ಸಾಲುಗಂಬಗಳು ವೀಲ್‌ಚೇರನ್ನೂ ನಿಲ್ಲಿಸುತ್ತವೆ. ಸಾಮಾನ್ಯ ವೀಲ್‌ಚೇರ್ ಸುಮಾರು 65 ಸೆಂ.ಮೀ. ಅಗಲ, ಚಕ್ರ ತಳ್ಳುವ ಕೈಗಳಿಗೂ ಜಾಗ ಬೇಕು. ಹಾಗಾಗಿ ಕನಿಷ್ಠ 90 ಸೆಂ.ಮೀ. ತೆರಪು ಬಿಡಬೇಕು. ಅಷ್ಟು ಬಿಟ್ಟರೆ ಬೈಕೂ ನುಗ್ಗುತ್ತದೆ, ನಿಜ. ಅದಕ್ಕೆ ಮದ್ದು ಕಾವಲುಗಾರ ಮತ್ತು ದಂಡ, ಕಂಬಿಯಲ್ಲ.

ಇನ್ನು ರ‍್ಯಾಂಪ್. ಮೆಟ್ಟಿಲು 15 ಸೆಂ.ಮೀ. ಎತ್ತರವಿದ್ದರೆ 1:12ರ (ಎತ್ತರದ ಹನ್ನೆರಡು ಪಟ್ಟು ಉದ್ದ) ಲೆಕ್ಕದಲ್ಲಿ 1.8 ಮೀಟರ್ ಉದ್ದದ ಇಳಿಜಾರು ಬೇಕು. ಅರ್ಧ ಮೀಟರಿನಲ್ಲಿ ಸಿಮೆಂಟು ಮೆತ್ತಿದರೆ ಅದು ಬೈಕ್ ಹತ್ತಿಸಲು ಆದೀತು, ಅಷ್ಟೆ. ಹತ್ತುವಾಗ ಕೂತವರ ಭಾರ ಹಿಂದಿನ ಚಕ್ರದ ಅಚ್ಚನ್ನು ದಾಟಿ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಇಳಿಯುವಾಗ ಕಾಲಿಡುವ ಹಲಗೆ ನೆಲಕ್ಕೆ ತಾಗಿ ಮನುಷ್ಯ ಮುಂದಕ್ಕೆ ಬೀಳುತ್ತಾನೆ. ಮೇಲೂ ಕೆಳಗೂ ಒಂದೂವರೆ ಮೀಟರ್ ಸಮತಟ್ಟು ಇರಲಿ. ನುಣುಪು ಗ್ರಾನೈಟ್ ಬೇಡ, ಮಳೆಗೆ ಜಾರುತ್ತದೆ. ಚರಂಡಿ ಜಾಲರಿಯ ಸಂದು 12 ಮಿ.ಮೀ. ಮೀರದೆ, ಪಟ್ಟಿಗಳು ನಡೆಯುವ ದಿಕ್ಕಿಗೆ ಅಡ್ಡವಾಗಿರಬೇಕು. ಇಲ್ಲದಿದ್ದರೆ ಮುಂದಿನ ಸಣ್ಣ ಗಾಲಿ ಸಿಕ್ಕಿಕೊಳ್ಳುತ್ತದೆ.

ಯಂತ್ರಗಳ ಸೀಟುಗಳನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ಪ್ರತಿ ಪಾರ್ಕಿನಲ್ಲಿ ಎರಡು ಯಂತ್ರಗಳಾದರೂ ಸೀಟಿಲ್ಲದೆ ಇರಲಿ, ಮುಂದೆ 90×120 ಸೆಂ.ಮೀ. ಗಟ್ಟಿ ನೆಲವಿರಲಿ. ಒಂದು, ಕೂತವರ ಭುಜದ ಮಟ್ಟಕ್ಕೆ ತೋಳು ತಿರುಗಿಸುವ ಚಕ್ರ. ಇನ್ನೊಂದು, ಎಳೆಯುವ ಯಂತ್ರ. ಎಳೆಯುವುದೇ ಮುಖ್ಯ. ದಿನವಿಡೀ ಚಕ್ರ ತಳ್ಳುವವರ ಭುಜದ ಮುಂಭಾಗ ಮೊದಲೇ ದಣಿದಿರುತ್ತದೆ. ಬೆನ್ನ ಕಡೆಯ ಸ್ನಾಯು ಬಲಗೊಳ್ಳದಿದ್ದರೆ ಭುಜನೋವು ತಪ್ಪಿದ್ದಲ್ಲ. ಯಂತ್ರಗಳಿಗೆ ನೆರಳೂ ಬೇಕು. ಬೆನ್ನುಹುರಿಗೆ ಪೆಟ್ಟಾದ ಅನೇಕರಿಗೆ ಪೆಟ್ಟಿನ ಕೆಳಭಾಗದಲ್ಲಿ ಬೆವರು ಬರುವುದಿಲ್ಲ, ಮೈ ಬೇಗ ಕಾಯುತ್ತದೆ. ಕಾದ ಕಬ್ಬಿಣ ತಾಗಿ ಚರ್ಮ ಸುಟ್ಟರೂ ಗೊತ್ತಾಗದವರಿದ್ದಾರೆ. ದೃಷ್ಟಿ ಇಲ್ಲದವರಿಗಾಗಿ ನಡಿಗೆ ಪಥದ ಒಂದು ಅಂಚಿಗೆ ಕೋಲಿಗೆ ತಾಗುವಂತೆ ಏಣು ಕಟ್ಟಿ, ತಲೆಗೆ ಬಡಿಯುವ ಕೊಂಬೆ ಕತ್ತರಿಸಿದರೆ ಸಾಕಷ್ಟಾಯಿತು.

ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಅಂಗವಿಕಲರಿಗೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ. ಕ್ರೀಡಾ ಸೌಲಭ್ಯಗಳನ್ನು ಅವರಿಗೆ ತಕ್ಕಂತೆ ಮರುರೂಪಿಸಬೇಕೆನ್ನುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್. ಹೊಸ ಜಿಮ್‌ಗೆ ಟೆಂಡರ್ ಕರೆಯುವ ಮುನ್ನ ವಾರ್ಡ್ ಎಂಜಿನಿಯರ್ ಅಳತೆ ಟೇಪು ಹಿಡಿದು, ವೀಲ್‌ಚೇರ್ ಬಳಸುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಗೇಟಿನಿಂದ ಯಂತ್ರದವರೆಗೆ ಹೋಗಿ ನೋಡಲಿ. ಗುತ್ತಿಗೆದಾರರ ಬಿಲ್ ಪಾಸು ಮಾಡುವ ಮುನ್ನ ಇನ್ನೊಮ್ಮೆ ಹೋಗಲಿ.

— ಫಿಸಿಯೋಥೆರಪಿಸ್ಟರ ಬಳಗ, ಬೆಂಗಳೂರು