ಡೇಟೋನಾ ಬೀಚ್‌ಗೆ ಹೊರಡುವ ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಫ್ಲಾರಿಡಾದ ಡೇಟೋನಾ ಬೀಚ್‌ಗೆ ಹೋಗಲಿರುವವರು ಸ್ಪೀಡ್‌ವೇ (ಕಾರು ರೇಸ್‌ ನಡೆಯುವ ಟ್ರ್ಯಾಕ್) ಒಂದನ್ನೇ ನೋಡಿ ಹಿಂದಿರುಗದೆ, ಆ ಊರಿನ ರೇಸಿಂಗ್ ಪರಂಪರೆ ಹುಟ್ಟಿದ ಕಡಲತೀರದಲ್ಲಿ ಅರ್ಧ ದಿನವನ್ನಾದರೂ ಕಳೆಯಬೇಕೆಂದು ವಿನಂತಿಸುತ್ತೇನೆ. ಇಳಿತದ ಹೊತ್ತಿನಲ್ಲಿ ಅಲ್ಲಿನ ಮರಳು ಗಟ್ಟಿಯಾಗಿ, ಅಗಲವಾಗಿ, ಸಮತಟ್ಟಾಗಿ ಹರಡಿಕೊಳ್ಳುವುದರಿಂದಲೇ 20ನೇ ಶತಮಾನದ ಆರಂಭದಲ್ಲಿ ವೇಗದ ದಾಖಲೆ ಬಯಸಿದವರು ಅಲ್ಲಿಗೆ ಬಂದರು. 1935ರ ಮಾರ್ಚ್‌ನಲ್ಲಿ ಬ್ರಿಟಿಷ್ ರೇಸ್ ಚಾಲಕ ಮಾಲ್ಕಮ್ ಕ್ಯಾಂಪ್‌ಬೆಲ್ ತಮ್ಮ ‘ಬ್ಲೂ ಬರ್ಡ್’ ಕಾರನ್ನು ಗಂಟೆಗೆ ಸುಮಾರು 445 ಕಿ.ಮೀ. ವೇಗದಲ್ಲಿ ಓಡಿಸಿದ್ದು ಈ ಮರಳಿನ ಮೇಲೆಯೇ. ಇಂದು ಆ ತೀರದ ಕೆಲವು ಭಾಗಗಳಲ್ಲಿ ಶುಲ್ಕ ಕೊಟ್ಟು ಕಾರು ಇಳಿಸಬಹುದಾದರೂ ವೇಗದ ಮಿತಿ ಗಂಟೆಗೆ 10 ಮೈಲಿ ಮಾತ್ರ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಕಡಲಾಮೆಗಳು ಗೂಡು ಮಾಡುವ ಕಾಲವಾದ್ದರಿಂದ, ಮರಳದಿಬ್ಬಗಳ ಬದಿಯಲ್ಲಿ ಗುರುತಿಸಿರುವ ಪಟ್ಟಿಯೊಳಗೆ ದಯವಿಟ್ಟು ಯಾರೂ ವಾಹನ ನುಗ್ಗಿಸಬಾರದು.

1947ರ ಡಿಸೆಂಬರ್‌ನಲ್ಲಿ ಅಮೆರಿಕದ ಕಾರು ರೇಸ್ ಸಂಸ್ಥೆಯಾದ ನಾಸ್ಕಾರ್ ಸ್ಥಾಪನೆಯ ಮಾತುಕತೆ ನಡೆದ ಸ್ಟ್ರೀಮ್‌ಲೈನ್ ಹೋಟೆಲ್ ಕಡಲತೀರದ ರಸ್ತೆಯಲ್ಲೇ ಇದೆ. 1959ರಲ್ಲಿ ಆರಂಭವಾದ ಸ್ಪೀಡ್‌ವೇಯ ತಿರುವುಗಳು 31 ಡಿಗ್ರಿಯಷ್ಟು ಓರೆಯಾಗಿವೆ. ಟಿವಿಯಲ್ಲಿ ಅವು ಎಷ್ಟು ಕಡಿದಾಗಿವೆ ಎಂಬುದು ತಿಳಿಯುವುದೇ ಇಲ್ಲ, ಆದ್ದರಿಂದ ಮಾರ್ಗದರ್ಶಿಯೊಡನೆ ಒಳಹೋಗುವ ಅವಕಾಶವನ್ನು ತಪ್ಪಿಸಿಕೊಳ್ಳಬೇಡಿ. ಫೆಬ್ರವರಿಯಲ್ಲಿ ಡೇಟೋನಾ 500 ಕಾರು ರೇಸ್ ನಡೆಯುವಾಗ ಕೊಠಡಿ ಸಿಗುವುದು ಕಷ್ಟವಾದ್ದರಿಂದ, ರೇಸ್ ನೋಡುವ ಉದ್ದೇಶವಿಲ್ಲದವರು ಬೇರೆ ತಿಂಗಳನ್ನು ಆರಿಸಿಕೊಳ್ಳುವುದು ಒಳಿತು.